ಎಲ್ಲಿಗೂ ಹೋಗಿರದ ಜಾನ್ ಹರ್ಟ್

ಹ್ಯಾರಿ ಸ್ಮಿತ್ ಎಂಬ ಸಂಗ್ರಾಹಕರು 1952ರಲ್ಲಿ ಅಮೆರಿಕದ ಹಳೆಯ ಗ್ರಾಮಫೋನ್ ಪ್ಲೇಟುಗಳಿಂದ 84 ಹಾಡುಗಳನ್ನು ಆಯ್ದು ಆರು ಎಲ್‌ಪಿಗಳ ಸಂಕಲನವೊಂದನ್ನು ಮಾಡಿದರು. ಫೋಕ್‌ವೇಸ್ ಕಂಪನಿ ಹೊರತಂದ ಅದರಲ್ಲಿ ಹಾಡಿದವರ ಹೆಸರಿತ್ತು, ಮುದ್ರಣದ ವರ್ಷವಿತ್ತು, ಹಾಡಿನ ಕಥೆಯನ್ನು ಪತ್ರಿಕೆಯ ತಲೆಬರಹದ ಧಾಟಿಯಲ್ಲಿ ಹೇಳುವ ಒಂದೆರಡು ಸಾಲಿತ್ತು. ಹಾಡಿದವರು ಕಪ್ಪು ಜನವೋ ಬಿಳಿಯರೋ ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ. ಸ್ಮಿತ್ ಅದನ್ನು ಬೇಕೆಂದೇ ಬಿಟ್ಟಿದ್ದರು. ಸಂಕಲನದಲ್ಲಿ ಮಿಸ್ಸಿಸ್ಸಿಪ್ಪಿ ಜಾನ್ ಹರ್ಟ್ ಎಂಬುವರ ಎರಡು ಹಾಡುಗಳಿದ್ದವು. ಮೆತ್ತಗಿನ ದನಿ, ಗಡಿಬಿಡಿಯಿಲ್ಲದ ಗಿಟಾರು. ಕೇಳಿದ ಅನೇಕರು ಈತ ಗುಡ್ಡಗಾಡಿನ ಯಾವನೋ ಬಿಳಿಯ ಹಾಡುಗಾರ ಎಂದುಕೊಂಡರು. ಹಾಗಲ್ಲವೆಂದು ಜನಕ್ಕೆ ತಿಳಿಯಲು ವರ್ಷಗಳೇ ಹಿಡಿದವು; ಸ್ಮಿತ್ ಆಮೇಲೆ ಈ ಎಡವಟ್ಟನ್ನು ಬಲು ಖುಷಿಯಿಂದ ನೆನೆಯುತ್ತಿದ್ದರು.

ಅವರಿಗೆ ಖುಷಿಯಾದದ್ದು ಸರಿಯೇ, ಹಣೆಪಟ್ಟಿಯಿಲ್ಲದೆ ಜನ ಕೇಳಿದ್ದರಲ್ಲ. ಹರ್ಟ್ ಅವರನ್ನು ಇವತ್ತು ಎಲ್ಲರೂ 'ಸಾಂಪ್ರದಾಯಿಕ ಬ್ಲೂಸ್ ಗಾಯಕ' ಎಂದು ಪರಿಚಯಿಸುತ್ತಾರೆ. ಬದುಕನ್ನು ಹೇಳುವಾಗಲೂ ಒಂದು ಸಿದ್ಧ ಅಚ್ಚಿದೆ: 1928ರಲ್ಲಿ ಧ್ವನಿಮುದ್ರಣ, ಆಮೇಲೆ 35 ವರ್ಷಗಳ ಮೌನ, 1963ರಲ್ಲಿ 'ಮರುಶೋಧ', ಮೂರು ವರ್ಷದ ಕೀರ್ತಿ, 1966ರಲ್ಲಿ ಸಾವು. ಕೇಳಲು ಸೊಗಸಾದ ಕಥೆ. ನನಗೆ ಇದರ ಮೇಲೆ ತಕರಾರಿದೆ. ಇದು ಹರ್ಟ್ ಅವರ ಕಥೆಯೇ ಅಲ್ಲ, ಅವರ ಪ್ಲೇಟುಗಳ ಕಥೆ. ಆ 35 ವರ್ಷ ಸುಮ್ಮನಿದ್ದದ್ದು ಕಂಪನಿ. ಹಾಡುಗಾರರು ತಮ್ಮ ಊರಲ್ಲೇ ಇದ್ದರು, ಕರೆದವರ ಮನೆಯಲ್ಲಿ ಹಾಡಿಕೊಂಡು.

(ಅಂದಹಾಗೆ, ಈ ಬರಹದಲ್ಲಿ ಅವರನ್ನು ಬಹುವಚನದಲ್ಲೇ ಕರೆಯುತ್ತೇನೆ. ಎಪ್ಪತ್ತು ವರ್ಷದ ಕಪ್ಪು ಮನುಷ್ಯನನ್ನೂ 'ಏ ಹುಡುಗಾ' ಎಂದು ಕೂಗುತ್ತಿದ್ದ ನಾಡು ಅದು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಲ್ಲದ ಈ ಅನುಕೂಲ ಕನ್ನಡದಲ್ಲಿ ಇರುವಾಗ ಬಿಡುವುದೇಕೆ?)

ಜಾನ್ ಹರ್ಟ್ ಹುಟ್ಟಿದ್ದು ಮಿಸ್ಸಿಸ್ಸಿಪ್ಪಿ ರಾಜ್ಯದ ಕ್ಯಾರಲ್ ಕೌಂಟಿಯ ಟಿಯೋಕ್‌ನಲ್ಲಿ, 1892ರಲ್ಲೋ 1893ರಲ್ಲೋ. ಬೆಳೆದದ್ದು ಪಕ್ಕದ ಅವಲಾನ್‌ನಲ್ಲಿ. ಊರೆಂದರೆ ಒಂದು ಅಂಗಡಿ, ಸುತ್ತ ಚದುರಿದ ಮನೆಗಳು. ಡೆಲ್ಟಾ ಎಂದು ಹೆಸರಾದ ಹತ್ತಿಯ ಬಯಲು ಮುಗಿದು ಗುಡ್ಡಗಳು ಏಳತೊಡಗುವ ಅಂಚಿನಲ್ಲಿದೆ ಅದು. ಬ್ಲೂಸ್ ಎಂದೊಡನೆ ನೆನಪಾಗುವ ಗಡಸು ದನಿ, ತಂತಿಯ ಮೇಲೆ ಜಾರುವ ಗಾಜಿನ ಬಾಟಲಿಯ ಕೊರಳು, ಇವೆಲ್ಲ ಆ ಬಯಲಿನ ಸರಕು. ಹರ್ಟ್ ಅವರ ಸಂಗೀತದಲ್ಲಿ ಬಯಲಿಗಿಂತ ಗುಡ್ಡದ ಅಂಚೇ ಹೆಚ್ಚು.

ಓದು ನಾಲ್ಕನೇ ತರಗತಿಗೆ ನಿಂತಿತು. ಗಿಟಾರ್ ಕೈಗೆ ಬಂದದ್ದು ಒಂಬತ್ತರ ಸುಮಾರಿಗೆ. ಮನೆಗೆ ಬಂದು ತಂಗುತ್ತಿದ್ದ ಗಿಟಾರುಗಾರನೊಬ್ಬ ಮಲಗಿದ ಮೇಲೆ ಆತನ ಗಿಟಾರನ್ನು ಮೆಲ್ಲಗೆ ಎತ್ತಿಕೊಂಡು ಕಲಿತರಂತೆ. ಮಗ ನುಡಿಸುವುದು ಕೇಳಿ ತಾಯಿ ಒಂದೂವರೆ ಡಾಲರಿಗೆ ಹಳೆಯ ಗಿಟಾರೊಂದನ್ನು ಕೊಡಿಸಿದರು. ಗುರು ಎನ್ನುವವರು ಇರಲಿಲ್ಲ. ಮನೆಮಂದಿಯ ನಿದ್ದೆ ಕೆಡದ ಹಾಗೆ ನುಡಿಸಿ ಕಲಿತದ್ದಕ್ಕೇ ಅವರ ಬೆರಳು ಅಷ್ಟು ಮೃದುವಾಯಿತೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇದಕ್ಕೆ ಪುರಾವೆಯಿಲ್ಲ, ಕೇಳುಗನ ಕಲ್ಪನೆ ಅಷ್ಟೆ.

ಆ ನುಡಿಸಾಣಿಕೆಯ ಬಗ್ಗೆ ತುಸು ನಿಂತು ಹೇಳಬೇಕು, ಏಕೆಂದರೆ ನನ್ನ ವಾದವೆಲ್ಲ ಅಲ್ಲಿದೆ. ಹರ್ಟ್ ಅವರ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದರಿಂದ ಇನ್ನೊಂದಕ್ಕೆ, ಮತ್ತೆ ಮೊದಲಿನದಕ್ಕೆ, ಗಡಿಯಾರದ ಹಾಗೆ ಹೋಗಿ ಬರುತ್ತಿರುತ್ತದೆ. ಅದು ನಮ್ಮ ತಂಬೂರಿಯ ಶ್ರುತಿಯಂತಲ್ಲ, ನಡಿಗೆಯಂತೆ. ಏಕತಾರಿಯನ್ನೂ ದಮ್ಮಡಿಯನ್ನೂ ಒಬ್ಬರೇ ಹಿಡಿದು ಹಾಡುವ ತತ್ವಪದಕಾರರನ್ನು ಕಂಡವರಿಗೆ ಇದರ ಅಂದಾಜು ಸಿಕ್ಕೀತು. ಮೇಲಿನ ಸಣ್ಣ ತಂತಿಗಳ ಮೇಲೆ ಉಳಿದ ಎರಡು ಬೆರಳು ಹಾಡಿನ ಮಟ್ಟನ್ನೇ ನುಡಿಸುತ್ತವೆ, ಆದರೆ ಹೆಬ್ಬೆರಳಿನ ಪೆಟ್ಟಿಗೆ ಸರಿಯಾಗಿ ಬೀಳುವುದಿಲ್ಲ. ಒಮ್ಮೆ ಅರೆಕ್ಷಣ ಮುಂಚೆ, ಒಮ್ಮೆ ಅರೆಕ್ಷಣ ತಡ. ಕೂತ ಕೇಳುಗನ ಕಾಲು ತಾನಾಗಿ ಕುಣಿಯುವುದು ಈ ತಪ್ಪಾಟದಿಂದ. ಇದು ಕುಣಿತಕ್ಕೆ ಹುಟ್ಟಿದ ಸಂಗೀತ. ಶನಿವಾರ ರಾತ್ರಿ ಯಾರದೋ ಮನೆಯ ಮಂಚ ಕುರ್ಚಿ ಹೊರಗಿಟ್ಟು ನೆಲ ತೆರವು ಮಾಡಿದಾಗ, ಒಂದೇ ಗಿಟಾರು ಬೆಳಗಿನತನಕ ಜನರನ್ನು ಕುಣಿಸಬೇಕಿತ್ತು. ತಾಳವೂ ಅದರಲ್ಲೇ ಬರಬೇಕು, ಮಟ್ಟೂ ಅದರಲ್ಲೇ.

ಇದರ ಮೇಲೆ ಹಾಡುತ್ತಿದ್ದದ್ದಾದರೂ ಏನು? ಕೊಲೆಗಳ ಕಥೆ. 1895ರ ಕ್ರಿಸ್‌ಮಸ್ ರಾತ್ರಿ ಸೇಂಟ್ ಲೂಯಿಯ ಸೇಂದಿ ಅಂಗಡಿಯಲ್ಲಿ ಟೋಪಿಯ ಜಗಳಕ್ಕೆ ಲೀ ಶೆಲ್ಟನ್ ಎಂಬವನು ಬಿಲ್ಲಿ ಲಯನ್ಸ್‌ನನ್ನು ಗುಂಡಿಕ್ಕಿ ಕೊಂದದ್ದು. ಅದೇ ಊರಲ್ಲಿ 1899ರಲ್ಲಿ ಫ್ರಾಂಕಿ ಬೇಕರ್ ತನ್ನ ಪ್ರಿಯಕರನನ್ನು ಕೊಂದದ್ದು. ಹರ್ಟ್ ಇವನ್ನು ಹಾಡುವಾಗ ದನಿ ಏರುವುದಿಲ್ಲ, ರೋಷವಿಲ್ಲ, ಬಿಕ್ಕಿಲ್ಲ. ಮಕ್ಕಳನ್ನು ಮಲಗಿಸುವ ಹೊತ್ತಿನ ದನಿಯಲ್ಲಿ ರಕ್ತ ಹರಿಯುತ್ತದೆ. ಬ್ಲೂಸನ್ನು 'ಶೋಕಗೀತೆ' ಎಂದು ಕನ್ನಡಕ್ಕೆ ತಂದವರು ಈ ಹಾಡುಗಳನ್ನು ಕೇಳಿದರೆ ಆ ಪದವನ್ನು ಹಿಂದಕ್ಕೆ ತೆಗೆದುಕೊಂಡಾರು.

ಹಳೆಯ ಹಾಡನ್ನು ಅವರು ಹಾಗೇ ಒಪ್ಪಿಸುತ್ತಲೂ ಇರಲಿಲ್ಲ. ಜಾನ್ ಹೆನ್ರಿಯ ಕಥೆ ಅಮೆರಿಕದಲ್ಲಿ ಎಲ್ಲರಿಗೂ ಗೊತ್ತು: ಉಗಿಯಂತ್ರದೊಡನೆ ಪಣಕಟ್ಟಿ, ಸುತ್ತಿಗೆಯಿಂದ ಬಂಡೆ ಕೊರೆದು, ಗೆದ್ದು, ಎದೆ ಒಡೆದು ಸಾಯುವ ರೈಲ್ವೆ ಕೂಲಿ. ಅದು ವೀರಗಾಥೆ. ಹರ್ಟ್ ಕೆಲವು ತಿಂಗಳು ರೈಲುಹಳಿಯ ಕೆಲಸ ಮಾಡಿದ್ದರು. ಅಲ್ಲಿನ ಒಬ್ಬ ಕೆಲಸಗಾರನಿಂದ ಕಲಿತ 'ಸ್ಪೈಕ್ ಡ್ರೈವರ್ ಬ್ಲೂಸ್'ನಲ್ಲಿ ಹಾಡುವವನು ಜಾನ್ ಹೆನ್ರಿಯಲ್ಲ, ಆತನ ಸಾವನ್ನು ಕೇಳಿ ತಿಳಿದ ಇನ್ನೊಬ್ಬ ಕೂಲಿ. ಆತ ಸುತ್ತಿಗೆಯನ್ನು ಮೇಸ್ತ್ರಿಗೆ ಒಪ್ಪಿಸಿ ಹೊರಟುಬಿಡುತ್ತಾನೆ. ವೀರನಾಗುವುದು ಬೇಡ, ಬದುಕಿದರೆ ಸಾಕು ಎನ್ನುವವನ ವಿವೇಕ ಅದು. ಈ ಹಾಡನ್ನು ನೆನಪಲ್ಲಿಡಿ. ಅವರ ಮುಂದಿನ ಬದುಕನ್ನು ಓದಲು ಇದಕ್ಕಿಂತ ಒಳ್ಳೆಯ ಕೈದೀಪ ನನಗೆ ಸಿಕ್ಕಿಲ್ಲ.

ಈಗ ಅಂಗಡಿಯ ವಿಷಯ. ಹರ್ಟ್ ಗಿಟಾರ್ ಕಲಿಯುವ ಕಾಲಕ್ಕೆ 'ಬ್ಲೂಸ್' ಎಂಬ ವಿಭಾಗ ಯಾವ ಅಂಗಡಿಯಲ್ಲೂ ಇರಲಿಲ್ಲ. ಓಕೆ ಕಂಪನಿ 1920ರಲ್ಲಿ ಮೇಮಿ ಸ್ಮಿತ್ ಅವರಿಂದ 'ಕ್ರೇಜಿ ಬ್ಲೂಸ್' ಹಾಡಿಸಿ, ಅದು ಬಿಸಿಬಿಸಿಯಾಗಿ ಖರ್ಚಾದ ಮೇಲೆಯೇ ಕಪ್ಪು ಜನ ಪ್ಲೇಟು ಕೊಳ್ಳುತ್ತಾರೆ ಎಂಬ ಅರಿವು ಕಂಪನಿಗಳಿಗೆ ಬಂದದ್ದು. ಕೂಡಲೇ ಎರಡು ಪಟ್ಟಿಗಳಾದವು. ಕಪ್ಪು ಜನಕ್ಕೆ ಮಾರುವುದು 'ರೇಸ್ ರೆಕಾರ್ಡ್ಸ್', ಬಿಳಿಯ ಹಳ್ಳಿಗರಿಗೆ ಮಾರುವುದು 'ಹಳೆಯ ಕಾಲದ ಹಾಡು', ಅಥವಾ ಹಗುರವಾಗಿ 'ಹಿಲ್‌ಬಿಲಿ'. ಬಸ್ಸಿನ ಸೀಟು, ಶಾಲೆ, ಸ್ಮಶಾನ ಬೇರೆಯಾಗಿದ್ದ ಹಾಗೆ ಪಟ್ಟಿಯೂ ಬೇರೆ.

ಅವಲಾನ್‌ನ ಕುಣಿತಗಳು ಈ ಪಟ್ಟಿಯನ್ನು ಓದಿರಲಿಲ್ಲ. ಅಲ್ಲಿ ವಿಲಿ ನಾರ್ಮರ್ ಎಂಬ ಬಿಳಿಯ ಪಿಟೀಲುಗಾರರಿದ್ದರು. ಅವರ ಜೊತೆಗಾರ ಬಾರದ ದಿನ ಗಿಟಾರಿಗೆ ಕೂರುತ್ತಿದ್ದದ್ದು ಹರ್ಟ್. ಪಿಟೀಲು ಸ್ಪರ್ಧೆಯಲ್ಲಿ ಗೆದ್ದ ನಾರ್ಮರ್‌ಗೆ ಓಕೆಗೆ ನುಡಿಸುವ ಅವಕಾಶ ಸಿಕ್ಕಿತು. ಇನ್ನು ಯಾರಿದ್ದಾರೆ ಎಂದಾಗ ಅವರು ಹೇಳಿದ್ದು ಹರ್ಟ್ ಹೆಸರು. ಒಂದೇ ಅಂಗಳದಲ್ಲಿ ಒಟ್ಟಿಗೆ ನುಡಿಸಿದವರು ಕಂಪನಿಯ ಕಾಗದದಲ್ಲಿ ಎರಡು ಬೇರೆ ಪಟ್ಟಿಗೆ ಹೋದರು. 1952ರಲ್ಲಿ ಕೇಳುಗರು ಹರ್ಟ್ ಅವರನ್ನು ಬಿಳಿಯರೆಂದುಕೊಂಡದ್ದು ಕಿವಿಯ ದೋಷವೇ ಆಗಿರಲಿಲ್ಲ. ಪಟ್ಟಿ ತೆಗೆದಿಟ್ಟು ಕೇಳಿದರೆ ಆ ಸಂಗೀತದಲ್ಲಿ ಇಬ್ಬರ ಅಂಗಳವೂ ಕೇಳುತ್ತದೆ.

1928ರ ಫೆಬ್ರವರಿಯಲ್ಲಿ ಮೆಂಫಿಸ್‌ನಲ್ಲಿ ಎಂಟು ಹಾಡುಗಳ ಮುದ್ರಣವಾಯಿತು. ಕಂಪನಿ ಹೊರತಂದದ್ದು ಎರಡನ್ನು. ಹೆಸರಿನ ಹಿಂದೆ 'ಮಿಸ್ಸಿಸ್ಸಿಪ್ಪಿ' ಅಂಟಿಸಿದ್ದೂ ಕಂಪನಿಯೇ, ಮಾರಾಟಕ್ಕೆ. ಊರಲ್ಲಿ ಅವರು ಬರೀ ಜಾನ್. ಅದೇ ವರ್ಷದ ಕೊನೆಗೆ ಓಕೆಯ ಟಾಮಿ ರಾಕ್‌ವೆಲ್ ಪತ್ರ ಬರೆದು ನ್ಯೂಯಾರ್ಕಿಗೆ ಕರೆದರು: ಎಂಟು ಹಾಡು ತಯಾರು ಮಾಡಿಕೊಂಡು ಬಾ, ಅವುಗಳಲ್ಲಿ ನಾಲ್ಕಾದರೂ ಹಳೆಯ ಕಾಲದವು ಇರಲಿ ಎಂದು. ಈ ಪತ್ರ ನನಗೆ ಬಹಳ ಮುಖ್ಯ. 'ಸಾಂಪ್ರದಾಯಿಕ' ಎನ್ನುವುದನ್ನು ನಾವು ಕಲಾವಿದನ ಗುಣ ಎಂದುಕೊಳ್ಳುತ್ತೇವೆ. ಇಲ್ಲಿ ಅದು ಗಿರಾಕಿಯ ಬೇಡಿಕೆ. ಸಂಖ್ಯೆ ಸಮೇತ ಬಂದ ಆರ್ಡರು.

ನ್ಯೂಯಾರ್ಕಿಗೆ ಹೋದ ಹರ್ಟ್ ಆರ್ಡರನ್ನು ಪೂರೈಸಿದರು. ಜೊತೆಗೆ ಇನ್ನೊಂದು ಕೆಲಸ ಮಾಡಿದರು. ಡಿಸೆಂಬರಿನ ಚಳಿ, ಪರಸ್ಥಳ, ಊರಿನ ಹಂಬಲ. ಅವಲಾನ್ ನನ್ನೂರು ಎನ್ನುವ ಹೊಸ ಹಾಡೊಂದನ್ನು ಕಟ್ಟಿ ಅಲ್ಲೇ ಹಾಡಿದರು. 'ಅವಲಾನ್ ಬ್ಲೂಸ್' ಪರಂಪರೆಯಿಂದ ಬಂದದ್ದಲ್ಲ, ಒಬ್ಬ ಮನುಷ್ಯನಿಗೆ ಪರಸ್ಥಳದಲ್ಲಿ ಮೂಡಿದ ಬೇಸರ. ಮುಂದೆ ಅವರನ್ನು ಪರಂಪರೆಯ ಕೊಂಡಿ ಎಂದು ಹುಡುಕಿಕೊಂಡು ಬಂದವರಿಗೆ ದಾರಿ ತೋರಿಸಿದ್ದು ಇದೇ ಹಾಡು, ಅವರ ಹಾಡುಗಳಲ್ಲೆಲ್ಲ ಅತ್ಯಂತ ಹೊಸದು.

1929ರ ಆರ್ಥಿಕ ಕುಸಿತ ಬಂತು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು ಹತ್ತು ಕೋಟಿ ಇದ್ದ ಪ್ಲೇಟುಗಳ ಮಾರಾಟ 1932ರ ಹೊತ್ತಿಗೆ 60 ಲಕ್ಷಕ್ಕೆ ಇಳಿಯಿತು. ಹಳ್ಳಿಗಳಿಗೆ ಯಂತ್ರ ಹೊತ್ತು ಹೋಗಿ ಹಾಡಿಸುವ ತಿರುಗಾಟಗಳನ್ನು ಕಂಪನಿಗಳು ಬಿಟ್ಟವು. ಹರ್ಟ್ ಹೊಲಕ್ಕೆ ಮರಳಿದರು. ಅಲ್ಲಿನ ಬೇಸಾಯ ನಮ್ಮಲ್ಲಿ ವಾರ, ಕೋರು ಎನ್ನುವ ಬಗೆಯದು: ಭೂಮಿ ಇನ್ನೊಬ್ಬರದು, ಬೀಜ ಸಾಲದ್ದು, ವರ್ಷದ ಕೊನೆಗೆ ಲೆಕ್ಕ ಬರೆಯುವವನು ಧಣಿ. ದನ ಕಾಯ್ದರು, ಕೂಲಿ ಮಾಡಿದರು, ಸಂಸಾರ ಮಾಡಿದರು. ಶನಿವಾರ ಕರೆದಲ್ಲಿ ಹಾಡಿದರು.

ಅವರನ್ನು ಪರಿಚಯಿಸುವ ಬರಹಗಳಲ್ಲಿ ಈ ಮೂವತ್ತೈದು ವರ್ಷಕ್ಕೆ ಸಿಗುವ ಜಾಗ ತೀರಾ ಕಡಿಮೆ. ಪ್ಲೇಟು ಹೊರಬಂದ ಒಂದು ವರ್ಷಕ್ಕೂ ವೇದಿಕೆ ಹತ್ತಿದ ಮೂರು ವರ್ಷಕ್ಕೂ ಉಳಿದದ್ದೆಲ್ಲ. ದಾಖಲೆ ಇದ್ದಲ್ಲಿ ಬದುಕಿದೆ ಎಂದುಕೊಳ್ಳುವುದು ಇತಿಹಾಸಕಾರರ ಕಸುಬಿನ ಅನಿವಾರ್ಯ, ಒಪ್ಪೋಣ. ಆದರೆ ಆ ಅನಿವಾರ್ಯ ನಮ್ಮ ತೀರ್ಮಾನವಾಗಿ ಬಿಡುತ್ತದೆ: ಹಾಡುಗಾರನ ಬದುಕೆಂದರೆ ಆತನ ವೃತ್ತಿ, ವೃತ್ತಿಯೆಂದರೆ ಪೇಟೆ ಆತನನ್ನು ಗಮನಿಸಿದ ಕಾಲ. ಹರ್ಟ್ ಅವರಿಗೆ ಸಂಗೀತ ಎಂದೂ ಆ ಅರ್ಥದ ವೃತ್ತಿಯಾಗಿರಲಿಲ್ಲ. ಮೆಂಫಿಸ್, ನ್ಯೂಯಾರ್ಕ್‌ಗಳೇ ಅವರ ಬದುಕಿನಲ್ಲಿ ನಡುವೆ ಬಂದುಹೋದ ಅಡಚಣೆಗಳು ಎಂದರೂ ತಪ್ಪಾಗದು. ಸುತ್ತಿಗೆ ಒಪ್ಪಿಸಿ ಊರಿಗೆ ಹೊರಟ ಆ ಕೂಲಿ ನೆನಪಾಗುವುದು ಇಲ್ಲಿಯೇ.

ಆದರೂ ಈ ವಾದವನ್ನು ಹಿಗ್ಗಿಸಿ, ಹಳ್ಳಿಯಲ್ಲಿ ಅವರು ಸುಖವಾಗಿದ್ದರು ಎನ್ನಲು ಹೊರಟರೆ ಅದು ಇನ್ನೊಂದು ಸುಳ್ಳು. 1963ರ ವಸಂತದಲ್ಲಿ ನಡೆದದ್ದನ್ನು ನೋಡಿ. ವಾಷಿಂಗ್ಟನ್ನಿನ ಸಂಗ್ರಾಹಕ ರಿಚರ್ಡ್ ಸ್ಪಾಟ್ಸ್‌ವುಡ್ ಕೈಗೆ 'ಅವಲಾನ್ ಬ್ಲೂಸ್'ನ ಪ್ರತಿ ಸಿಕ್ಕಿತ್ತು. ಹೊಸ ನಕಾಶೆಗಳಲ್ಲಿ ಅವಲಾನ್ ಇರಲಿಲ್ಲ; ಹತ್ತೊಂಬತ್ತನೆಯ ಶತಮಾನದ ಒಂದು ಅಟ್ಲಾಸಿನಲ್ಲಿತ್ತು. ಅವರ ಗೆಳೆಯ ಟಾಮ್ ಹಾಸ್ಕಿನ್ಸ್ ಕಾರು ಹತ್ತಿ ಅಲ್ಲಿಗೆ ಹೋದ, ಅಂಗಡಿಯಲ್ಲಿ ವಿಚಾರಿಸಿದ, ಅವರು ಕೈತೋರಿಸಿದರು. ಇಷ್ಟೇ. ಅಂಗಡಿಯವರಿಗೆ ಗೊತ್ತಿದ್ದ ಮನುಷ್ಯ 'ಪತ್ತೆಯಾದದ್ದು' ಹೀಗೆ.

ಹರ್ಟ್ ಅವರಿಗೆ ಹೊಳೆದದ್ದು ಮಾತ್ರ ಬೇರೆ. ದೂರದಿಂದ ಬಂದ ಬಿಳಿಯ ಯುವಕ ತಮ್ಮ ಹೆಸರು ಹಿಡಿದು ಕೇಳಿಕೊಂಡು ಮನೆಯತನಕ ಬಂದಿದ್ದಾನೆಂದರೆ ಈತ ಎಫ್‌ಬಿಐ ಕಡೆಯವನೇ ಇರಬೇಕೆಂದು ಅವರು ಗಾಬರಿಯಾದರು. ನಾನೇನೂ ತಪ್ಪು ಮಾಡಿಲ್ಲವಲ್ಲ ಎಂದುಕೊಂಡರು. ಇದನ್ನು ನಗೆಹನಿಯ ಹಾಗೆ ಹೇಳುವ ರೂಢಿಯಿದೆ. ನನಗೆ ನಗು ಬರುವುದಿಲ್ಲ. 1955ರಲ್ಲಿ ಹದಿನಾಲ್ಕು ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನನ್ನು ಹೊತ್ತೊಯ್ದು ಕೊಂದರು; ಹೊತ್ತೊಯ್ದ ಮನಿ ಎಂಬ ಊರು ಅಲ್ಲಿಗೆ ದೂರವೇನಿಲ್ಲ. ಪಕ್ಕದ ಲಿಫ್ಲೋರ್ ಕೌಂಟಿಯಲ್ಲಿ ಕಪ್ಪು ಜನ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಮುಂದಾದರೆಂದು, ಬಡವರಿಗೆ ಬರುತ್ತಿದ್ದ ಸರಕಾರಿ ಆಹಾರಧಾನ್ಯವನ್ನೇ ಹಾಸ್ಕಿನ್ಸ್ ಬರುವ ಮುಂಚಿನ ಚಳಿಗಾಲ ನಿಲ್ಲಿಸಿದ್ದರು. ಅಪರಿಚಿತ ಬಿಳಿಯನ ಮುಂದೆ ಮೆತ್ತಗೆ ಮಾತಾಡುವುದು, ನಗುಮುಖ ಇಟ್ಟುಕೊಳ್ಳುವುದು ಅಲ್ಲಿ ಸ್ವಭಾವವೂ ಹೌದು, ಗುರಾಣಿಯೂ ಹೌದು. ಮುಂದೆ ನಗರದ ಪ್ರೇಕ್ಷಕರು ಹರ್ಟ್ ಅವರ 'ಸೌಮ್ಯ ಸಂತ'ನಂಥ ನಗುವನ್ನು ಕೊಂಡಾಡಿದಾಗ ಎಷ್ಟು ಪಾಲು ಯಾವುದು ಎಂದು ಯಾರೂ ಕೇಳಲಿಲ್ಲ.

ಆಗ ಅವರ ಬಳಿ ಸ್ವಂತ ಗಿಟಾರ್ ಇರಲಿಲ್ಲ. ಹಾಸ್ಕಿನ್ಸ್ ತಂದಿದ್ದ ಗಿಟಾರನ್ನು ತೆಗೆದುಕೊಂಡು ನುಡಿಸಿದರು. ಅದೇ ಜುಲೈನಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವ. ಬಾಬ್ ಡಿಲನ್, ಜೋನ್ ಬಾಯೆಜ್ ಹಾಡಿದ ವೇದಿಕೆಯಲ್ಲಿ ಟೊಪ್ಪಿಗೆ ಹಾಕಿ ಕೂತ ಎಪ್ಪತ್ತರ ಮುದುಕ. ಲೈಬ್ರರಿ ಆಫ್ ಕಾಂಗ್ರೆಸ್ ಅವರ ಹಾಡುಗಳನ್ನು ಮುದ್ರಿಸಿಕೊಂಡಿತು. ವಾಷಿಂಗ್ಟನ್ನಿನ ಕಾಫಿಹೌಸುಗಳು, ಕಾಲೇಜುಗಳು, ಟೀವಿಯಲ್ಲಿ ಜಾನಿ ಕಾರ್ಸನ್ ಕಾರ್ಯಕ್ರಮ, ವ್ಯಾನ್‌ಗಾರ್ಡ್ ಕಂಪನಿಯ ಎಲ್‌ಪಿಗಳು. ಅವರ ಕಾಫಿಯ ಹಾಡಿನಿಂದ ಒಂದು ರಾಕ್ ತಂಡ 'ಲವಿನ್ ಸ್ಪೂನ್‌ಫುಲ್' ಎಂದು ಹೆಸರಿಟ್ಟುಕೊಂಡಿತು. ಮರುವರ್ಷ ಅವರಂತೆಯೇ ಹಳೆಯ ಬ್ಲೂಸ್ ಹಾಡುಗಾರರಾದ ಸ್ಕಿಪ್ ಜೇಮ್ಸ್ ಒಂದು ಆಸ್ಪತ್ರೆಯಲ್ಲಿ, ಸನ್ ಹೌಸ್ ರಾಚೆಸ್ಟರ್ ನಗರದಲ್ಲಿ 'ಸಿಕ್ಕರು'. ಅದು 1964ರ ಜೂನ್. ಮತದಾನದ ಹಕ್ಕಿಗೆ ದುಡಿಯುತ್ತಿದ್ದ ಮೂವರು ಯುವಕರನ್ನು ಮಿಸ್ಸಿಸ್ಸಿಪ್ಪಿಯಲ್ಲಿ ಕೊಂದು ಮಣ್ಣಿನ ಏರಿಯಲ್ಲಿ ಹೂತ ತಿಂಗಳೂ ಅದೇ. ಉತ್ತರದ ಬಿಳಿಯ ಯುವಕರು ಆ ರಾಜ್ಯಕ್ಕೆ ಎರಡು ಬಗೆಯಲ್ಲಿ ಹೋಗುತ್ತಿದ್ದರು. ಕೆಲವರು ಮುದುಕರನ್ನು ಹುಡುಕಿಕೊಂಡು, ಕೆಲವರು ಅವರ ಮಕ್ಕಳ ಜೊತೆ ನಿಲ್ಲಲು.

ಚಪ್ಪಾಳೆ ತಟ್ಟಿದ ಸಭೆಗಳಲ್ಲಿ ಕಪ್ಪು ಮುಖಗಳು ವಿರಳ. ಕಪ್ಪು ಕೇಳುಗರು ಈ ಸಂಗೀತವನ್ನು ತೊರೆದರು ಎಂದು ಇದಕ್ಕೆ ಬೇಸರಪಟ್ಟುಕೊಳ್ಳುವವರಿದ್ದಾರೆ. ತೊರೆಯದೆ ಏನು ಮಾಡಬೇಕಿತ್ತು? ಮಿಸ್ಸಿಸ್ಸಿಪ್ಪಿಯದೇ ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ 1943ರಲ್ಲೇ ಹೊಲ ಬಿಟ್ಟು ಶಿಕಾಗೋ ರೈಲು ಹತ್ತಿ, ಆಮೇಲೆ ವಿದ್ಯುತ್ ಗಿಟಾರು ಹಿಡಿದಿದ್ದರು; 1963ರಲ್ಲಿ ಆ ಸಮುದಾಯದ ತರುಣರ ರೇಡಿಯೋದಲ್ಲಿ ಮೋಟೌನ್ ಕಂಪನಿಯ ಹಾಡುಗಳಿದ್ದವು. ಹತ್ತಿ ಹೊಲ ನೆನಪಿಸುವ ಹಾಡಿನಲ್ಲಿ ಸೊಗಸು ಕಾಣಲು ಹತ್ತಿ ಬಿಡಿಸಿರಬಾರದು. ಪರಂಪರೆ ಅವರ ಪಾಲಿಗೆ ಮುಂದೆ ನಡೆಯುತ್ತಿತ್ತು. ಅದನ್ನು ನಿಲ್ಲಿಸಿ ಹಿಂತಿರುಗಿ ನೋಡುವ ಬಿಡುವು ಬೇರೆಯವರಿಗಿತ್ತು.

ಪ್ಲೇಟೇ ಇಲ್ಲದಿದ್ದರೆ, ಹಾಸ್ಕಿನ್ಸ್ ಹೋಗದೇ ಇದ್ದಿದ್ದರೆ ನೀನು ಈ ಲೇಖನ ಬರೆಯುತ್ತಿದ್ದೆಯಾ ಎಂದು ಕೇಳಬಹುದು. ಇಲ್ಲ. ಆ ಸಾಲ ನನ್ನ ಮೇಲಿದೆ. ಎಪ್ಪತ್ತರಲ್ಲಿ ದನ ಕಾಯುವುದಕ್ಕಿಂತ ಹಾಡಿ ಗಳಿಸುವುದು ಮೇಲು ಎಂಬುದರಲ್ಲೂ ಅನುಮಾನವಿಲ್ಲ. ಹರ್ಟ್ ಖುಷಿಯಿಂದಲೇ ಹಾಡಿದರು. ನನ್ನ ತಕರಾರು ಹುಡುಕಿದವರ ಮೇಲಲ್ಲ, 'ಶೋಧ' ಎಂಬ ಪದದ ಮೇಲೆ. ಆ ಪದ ಶ್ರೇಯಸ್ಸನ್ನು ಹುಡುಕಿದವರ ಜೇಬಿಗೆ ಹಾಕುತ್ತದೆ, ಸಿಕ್ಕವರನ್ನು ವಸ್ತುವಾಗಿಸುತ್ತದೆ. ರಾಬರ್ಟ್ ಜಾನ್ಸನ್ ಎಂಬ ಅದ್ಭುತ ಗಿಟಾರುಗಾರ 29 ಹಾಡು ಮುದ್ರಿಸಿ 1938ರಲ್ಲಿ ಇಪ್ಪತ್ತೇಳರಲ್ಲೇ ತೀರಿಕೊಂಡರು. ಅವರನ್ನು ಸುತ್ತಿದ್ದು ನಾಲ್ಕುದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿದ ದಂತಕಥೆ. ಅಭ್ಯಾಸ ಮಾಡಿ ಕಲಿತರು ಎಂದರೆ ಕೇಳುವವರಿಗೆ ಸಪ್ಪೆ. ಹರ್ಟ್ ಅವರಿಗೆ ಸೈತಾನನನ್ನು ಅಂಟಿಸಲು ಆಗಲಿಲ್ಲ, ಹಾಗಾಗಿ ಸಂತನನ್ನು ಅಂಟಿಸಿದರು. ಎರಡರಲ್ಲೂ ಮರೆಯಾಗುವುದು ಒಂದೇ: ಯೋಚಿಸಿ, ಆಯ್ದು, ತಿದ್ದಿ ನುಡಿಸುವ ಕಸುಬುದಾರ.

ಹರ್ಟ್ ಕೊನೆಗೆ ಮಿಸ್ಸಿಸ್ಸಿಪ್ಪಿಗೇ ಮರಳಿದರು. ಗ್ರೆನಾಡಾ ಎಂಬ ಊರಿನಲ್ಲಿ 1966ರ ನವೆಂಬರ್ 2ರಂದು ತೀರಿಕೊಂಡರು. ಮಣ್ಣು ಮಾಡಿದ್ದು ಅವಲಾನ್‌ನಲ್ಲಿ. ಅವರ ಪುಟ್ಟ ಮರದ ಮನೆಯನ್ನು ವಸ್ತುಸಂಗ್ರಹಾಲಯ ಮಾಡಿದ್ದರು. 2024ರ ಫೆಬ್ರವರಿಯಲ್ಲಿ ಅದು ಸುಟ್ಟುಹೋಯಿತು.

ಮೆಂಫಿಸ್‌ನ ಆ ಎಂಟು ಹಾಡುಗಳಲ್ಲಿ ಹೊರಬಾರದೆ ಹೋದ ಆರರ ಮಾತು ಉಳಿಯಿತು. ಕಂಪನಿ ಅವನ್ನು ಬೇಡವೆಂದು ಬದಿಗಿಟ್ಟಿತು, ಆಮೇಲೆ ಅಚ್ಚುಗಳೂ ಇಲ್ಲವಾದವು. ಅವುಗಳಲ್ಲಿ 'ಕೇಸಿ ಜೋನ್ಸ್' ಇತ್ತು, 'ಮಂಡೇ ಮಾರ್ನಿಂಗ್ ಬ್ಲೂಸ್' ಇತ್ತು. 1963ರಲ್ಲಿ ಮೈಕಿನ ಮುಂದೆ ಕೂರಿಸಿ ಹಾಡಿ ಎಂದಾಗ, ಹರ್ಟ್ ಅವೆರಡನ್ನೂ ಹಾಡಿದರು.